ಹಾರದ ಭಾನುವಾರ

ಚಳಿಗಾಲ ಮುಗಿಯುತ್ತ ಬಂದಿತ್ತು. ಭಾನುವಾರ, ಇನ್ನೂ ಬಿಸಿಲೇರದ ಹೊತ್ತು. ತಗಡಿನ ಶೆಡ್ಡಿನ ಬಾಗಿಲು ತಳ್ಳಿ, ಎರಡೇ ಸೀಟಿನ ಹಳೆಯ ವಿಮಾನವನ್ನು ತಮ್ಮ ಒಬ್ಬನೇ ಹೊರಗೆಳೆದ. ಅಣ್ಣ ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ನೋಡುತ್ತಿದ್ದ.

ಅಣ್ಣನ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನು ಮಾಡುವಂಥದ್ದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ತಮ್ಮನಿಗೆ ವಿಮಾನ ಹಾರಿಸಲು ಕಲಿಸಿದವನು ಈ ಅಣ್ಣನೇ. ಕೊನೆಗೊಮ್ಮೆ ಅವನನ್ನು ಮೇಲೆ ಕರೆದೊಯ್ಯಬೇಕು. ತಮ್ಮನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಇಂಜಿನ್ನಿನ ಅಡಿಯಲ್ಲಿ ಎಣ್ಣೆ ಇಳಿದಿತ್ತು. ಯಾರ ಕಣ್ಣಿಗೂ ಬೀಳದಂತೆ ಅದನ್ನು ಒರೆಸಿಬಿಡುವುದು ತಮ್ಮನ ರೂಢಿ. ಒಂದು ಸಲ ಬಿಚ್ಚಿ ನೋಡೋಣ ಎಂದ ಮೆಕ್ಯಾನಿಕ್‌ನನ್ನು, ಮುದಿ ಇಂಜಿನ್ ಅಷ್ಟಿಷ್ಟು ಜೊಲ್ಲು ಸುರಿಸದೆ ಇರುತ್ತದೆಯೇ ಎಂದು ನಕ್ಕು ಕಳಿಸಿದ್ದ. ಈಗಲೂ ಬಟ್ಟೆ ಎತ್ತಿಕೊಂಡ.

"ಬಿಡೋ, ಕೈ ಕೊಳೆ ಮಾಡ್ಕೋಬೇಡ," ಎಂದ ಅಣ್ಣ. "ಮಂಜು ಕರಗಲಿ. ಬಾ, ಪಕ್ಕದಲ್ಲಿ ಕೂತ್ಕೋ."

ತಮ್ಮ ಕೂತ. ಮಂಜು ಕರಗುವ ಮೊದಲೇ ವಿಮಾನ ಸುರಕ್ಷತೆಯ ಇನ್ಸ್‌ಪೆಕ್ಟರ್ ಬಂದಿಳಿದರು. ರಜಾದಿನ, ಹೇಳದೆ ಕೇಳದೆ. ಟಾರ್ಚ್ ಹಚ್ಚಿ, ಎಣ್ಣೆಯ ಜಾಡನ್ನೇ ಹಿಡಿದು ಮೇಲಕ್ಕೆ ಹುಡುಕುತ್ತ ಹೋದರು. ಅಲ್ಲೊಂದು ಬಿರುಕು, ಕೂದಲೆಳೆಯಂಥದ್ದು.

"ಇದು ಹಾರೋ ಹಾಗಿಲ್ಲ."

ತಮ್ಮ ಬೇಡಿಕೊಂಡ. ಒಂದೇ ಒಂದು ಸುತ್ತು ಎಂದ. ಆಮೇಲೆ ಗದರಿದ. "ನಿಮಗೆ ಒಡಹುಟ್ಟಿದವರು ಯಾರೂ ಇಲ್ವಾ?" ಎಂದೂ ಕೇಳಿಬಿಟ್ಟ. ಇನ್ಸ್‌ಪೆಕ್ಟರ್ ಅಣ್ಣನ ಕಡೆ ನೋಡಿದರು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ರೆಕ್ಕೆಗೆ ಕೆಂಪು ಚೀಟಿ ಕಟ್ಟಿ ಅವರು ಹೊರಟುಹೋದರು.

ದೂರು ಕೊಟ್ಟವನು ಮೆಕ್ಯಾನಿಕ್ಕೇ ಎಂದು ತಮ್ಮ ತೀರ್ಮಾನಿಸಿದ. ಉಂಡ ಮನೆಗೆ ಎರಡು ಬಗೆದ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಅವನನ್ನು ಬೈದ.

"ಅವನನ್ನ ಬೈಬೇಡ ಕಣೋ," ಎಂದ ಅಣ್ಣ. ಇನ್ನೇನೋ ಹೇಳಹೊರಟ, ಉಸಿರು ಸಾಲಲಿಲ್ಲ.

ಗುರುವಾರ ಬೆಳಗಿನ ಜಾವ ಅಣ್ಣ ಹೋದ. ಮಣ್ಣಿಗೆ ಬಂದ ಮೆಕ್ಯಾನಿಕ್‌ನನ್ನು ತಮ್ಮ ಗೇಟಿನಿಂದಲೇ ಅಟ್ಟಿದ.

ಕೆಲವು ದಿನ ಕಳೆದು ಇನ್ಸ್‌ಪೆಕ್ಟರ್ ಮನೆಗೆ ಬಂದರು. ತಮ್ಮ ಕೂರಿ ಎನ್ನಲಿಲ್ಲ. ಅವತ್ತು ಹಾರಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಅವರು ನಿಂತುಕೊಂಡೇ, ಮೆಲ್ಲನೆ ಹೇಳಿದರು.

"ಅದೆಲ್ಲ ಬೇಡ ಸಾರ್. ಚಾಡಿ ಹೇಳಿದ್ದು ಆ ಮೆಕ್ಯಾನಿಕ್ ತಾನೇ?"

"ಅವನಲ್ಲ. ಫೋನ್ ಮಾಡಿದವರಿಗೆ ಮಾತಾಡೋದೇ ಕಷ್ಟ ಆಗ್ತಿತ್ತು. 'ನಾನು ಬೇಡ ಅಂದ್ರೆ ಅವನು ಕೇಳಲ್ಲ, ನೀವು ಬೇಡ ಅಂದ್ರೆ ಕೇಳಲೇಬೇಕು' ಅಂದ್ರು."

"ಯಾರು?"

"ಗುರುವಾರ ಹೋದವರು."