ಮೊದಲ ಬಟ್ಟಲು

ಡೇರೆಯ ಪರದೆ ಸರಿಸಿ ಒಳಗೆ ಬಂದವಳನ್ನು ಕಂಡು ಹಾಮ್ ಗಿತೇಕ್ ಕಟ್ಟುತ್ತಿದ್ದ ಟೋಪಿಯ ದಾರವನ್ನು ಅರ್ಧಕ್ಕೇ ಬಿಟ್ಟ. ಒಂಬತ್ತು ವರ್ಷದಿಂದ ಮುಖ ನೋಡದ ತಂಗಿ ಓಕ್ರಾನ್. ಮುಡಿಯಲ್ಲಿ ಬಿಳಿ ಪಟ್ಟಿ. ಮನೆಯಲ್ಲಿ ಸಾವಾದಾಗ ಹೆಂಗಸರು ಸಿಕ್ಕಿಸಿಕೊಳ್ಳುವಂಥದು.

"ಅಮ್ಮ ಹೋಗಿಬಿಟ್ಟಳು ಅಣ್ಣ, ಬೆಳಗಿನ ಜಾವ," ಎಂದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಗಿತೇಕ್ ಮೊದಲು ನೋಡಿದ್ದು ಕೈಗಡಿಯಾರವನ್ನು. ಹತ್ತಕ್ಕೆ ಹದಿನೈದು ನಿಮಿಷವಿತ್ತು.

ಹತ್ತಕ್ಕೆ ಬೆಟ್ಟದ ದೇವರ ಪೂಜೆ. ದಾನೊ ಹಬ್ಬದ ದಿನ ಗಾಂಗ್ನುಂಗಿನ ಅರ್ಧ ಊರು ಹೊಳೆದಂಡೆಯಲ್ಲಿ ನೆರೆದಿರುತ್ತದೆ, ಆ ಜನರ ಎದುರು ದೇವರಿಗೆ ಮೊದಲ ಬಟ್ಟಲು ಮದ್ಯ ಎರೆಯುವವನಿಗೆ ವರ್ಷವಿಡೀ ಊರೇ ತಲೆ ಬಾಗುತ್ತದೆ. ಆ ಬಟ್ಟಲಿಗಾಗಿ ಗಿತೇಕ್ ಏಳು ವರ್ಷ ಕಂಡಕಂಡವರಿಗೆಲ್ಲ ಸಲಾಮು ಹೊಡೆದಿದ್ದ. ಈ ವರ್ಷ ಸಿಕ್ಕಿತ್ತು. ರೇಷ್ಮೆ ನಿಲುವಂಗಿ ತೊಟ್ಟು, ಕಪ್ಪು ಟೋಪಿಯ ದಾರ ಕಟ್ಟಿಕೊಳ್ಳುತ್ತಿದ್ದ. ಸೂತಕದವನು ಬಟ್ಟಲು ಮುಟ್ಟುವಂತಿಲ್ಲ. ಇಂದು ನಿನ್ನೆಯ ಕಟ್ಟಲ್ಲ ಅದು.

"ಯಾರಿಗೆ ಹೇಳಿದೀಯ?"

"ಇನ್ನೂ ಯಾರಿಗೂ ಇಲ್ಲ. ಹಿರೀಮಗ ನೀನು. ನೀನು ಹೇಳದೆ ಸುದ್ದಿ ಹೊರಡಿಸೋ ಹಾಗಿಲ್ಲವಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. ಅಮ್ಮ ಹೇಗೆ ಹೋದಳು, ನರಳಿದಳೇ, ಕೊನೆಗೆ ಏನಾದರೂ ಅಂದಳೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಪೂಜೆ ಮುಗಿಯುವ ತನಕ ಬಾಯಿ ಬಿಡಬೇಡ ಎಂದ. ಹಬ್ಬ ಕೆಡುತ್ತದೆ, ಊರಿಗೆ ಒಳ್ಳೆಯದಲ್ಲ ಎಂದ. ಊರಿನ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಬಹಳ ಅಕ್ಕರೆ ಹುಟ್ಟಿತ್ತು.

ಓಕ್ರಾನ್ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕೂದಲಿನಿಂದ ಬಜೆ ಎಲೆಯ ಘಮ ಬಂತು. ಬೆಳಿಗ್ಗೆ ಬಜೆ ಕುದಿಸಿದ ನೀರಲ್ಲಿ ತಲೆ ತೊಳೆಯದೆ ಯಾವ ಹೆಂಗಸೂ ದಾನೊ ಹಬ್ಬಕ್ಕೆ ಬರುವುದಿಲ್ಲ. ಗಿತೇಕನ ಮೂಗಿಗೆ ಅದು ತಾಕಿತು, ತಲೆಗೆ ಹೋಗಲಿಲ್ಲ.

"ಒಂದೇ ಒಂದು ಕೇಳ್ತೀನಿ," ಎಂದಳು. "ಅಪ್ಪ ಸತ್ತಾಗ ಬಾಗಿಲಲ್ಲೇ ತಡೆದೆ. ಅಮ್ಮನಿಗಾದರೂ ನನ್ನ ಕೈಯಿಂದ ಒಂದು ಬಟ್ಟಲು ಎರೆಯೋಕೆ ಬಿಡ್ತೀಯಾ?"

ಅದು ನಿಜ. ಅಪ್ಪನ ಪಟದ ಮುಂದೆ ಮದ್ಯ ಎರೆಯಲು ಬಂದವಳನ್ನು ಗಿತೇಕ್ ನೆಂಟರಿಷ್ಟರ ಎದುರೇ ಅಟ್ಟಿದ್ದ. ಗಂಡನನ್ನು ಬಿಟ್ಟು ಬಂದು ಮನೆತನದ ಮಾನ ಕಳೆದವಳು ಎಂದಿದ್ದ. ಓಕ್ರಾನ್ ಆ ದಿನ ಸುರಿಯುವ ಹಿಮದಲ್ಲಿ ಗೇಟಿನ ಹೊರಗೆ ನಿಂತೇ ಅಪ್ಪನನ್ನು ಕಳಿಸಿಕೊಟ್ಟಳು. ಅದಾಗಿ ತಿಂಗಳೊಳಗೆ ಅಮ್ಮನೂ ಒಂದು ಗಂಟು ಕಟ್ಟಿಕೊಂಡು, ಬಂದರಿನ ಬಳಿ ಒಣಮೀನು ಮಾರುವ ಮಗಳ ಮನೆಗೆ ಹೊರಟುಹೋದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮಗ ಒಮ್ಮೆಯೂ ಹತ್ತಿರಲಿಲ್ಲ.

"ಅದಾಗಲ್ಲ," ಎಂದ ಗಿತೇಕ್. "ನೀನು ಅಮ್ಮನ ಪಟದ ಕಡೆ ಸುಳಿಯಲೇಬೇಡ. ನಾಲ್ಕು ಜನ ಆಡಿಕೊಳ್ತಾರೆ."

ಪರದೆಯ ಆಚೆ ಯಾರದೋ ಊರುಗೋಲು ಕಲ್ಲಿಗೆ ಟಕ್ಕೆಂದು ತಾಗಿತು. ಹಬ್ಬಕ್ಕೆ ಬರುವ ಮುದುಕರಿಗೇನು ಕಡಿಮೆ. ಆದರೂ ಅವನು ದನಿ ತಗ್ಗಿಸಿದ.

"ನೋಡು, ಹನ್ನೆರಡು ಹೊಡೆಯೋವರೆಗೆ ಅಮ್ಮ ಸತ್ತಿಲ್ಲ. ತಿಳೀತಾ? ಆಮೇಲೆ ನಾನೇ ಬಂದು ಎಲ್ಲ ನೋಡ್ಕೋತೀನಿ."

"ಹನ್ನೆರಡರವರೆಗೆ ಸತ್ತಿಲ್ಲ. ಆಗಲಿ ಅಣ್ಣ, ನೀನು ಹೇಳಿದ ಹಾಗೆ," ಎಂದು ಅವಳು ಹೊರಟುಹೋದಳು.

ಪೂಜೆಗೆ ಮುಂಚೆ ಎಲ್ಲರೂ ಕೇಳುವಂತೆ ಒಂದು ಪ್ರಶ್ನೆ ಹಾಕುವುದು ರೂಢಿ. ಕೇಳುವವನು ಎರಡನೆಯ ಬಟ್ಟಲು ಎರೆಯುವವನು, ಗಿತೇಕನ ದೊಡ್ಡಪ್ಪ. ಕುಲದಲ್ಲಿ ಅವನ ಮಾತು ಮೀರುವವರಿಲ್ಲ. ಸಾವಾದ ಮನೆಯಲ್ಲಿ ಯಾರು ಮುಂದೆ ನಿಲ್ಲಬೇಕು, ಯಾರು ಕೂಡದು ಎಂದು ಹಿರಿಮಗನಿಗೆ ಅಪ್ಪಣೆ ಕೊಡುವವನೂ ಅವನೇ.

"ಮನೆಯಲ್ಲಿ ಸೂತಕ ಉಂಟೋ?" ಎಂದು ದೊಡ್ಡಪ್ಪ ಕೇಳಿದ.

"ಇಲ್ಲ," ಎಂದ ಗಿತೇಕ್. ದನಿ ನಡುಗಲಿಲ್ಲ.

ಮೊಣಕಾಲೂರಿ ತಲೆ ಎತ್ತಿದರೆ, ಮುಂದಿನ ಸಾಲಿನಲ್ಲಿ ನೇರ ಎದುರಿಗೇ ಓಕ್ರಾನ್. ಮಡಿಲಲ್ಲಿ ಎಲೆಯಲ್ಲಿ ಸುತ್ತಿದ ಎರಡು ಅಕ್ಕಿಕಡುಬು. ಪಕ್ಕದಲ್ಲಿ ಯಾರಿಗೋ ಜಾಗ ಹಿಡಿದಂತೆ ಒಂದು ಮೆತ್ತನೆಯ ದಿಂಬು. ಹಾಳಾದವಳು ಸೇಡು ತೀರಿಸಿಕೊಳ್ಳಲೆಂದೇ ಬಂದು ಕೂತಿದ್ದಾಳೆ ಎಂದುಕೊಂಡ. ಬಟ್ಟಲು ಎತ್ತುವ ಹೊತ್ತಿಗೆ ಎದ್ದು ನಿಂತು ಕೂಗುತ್ತಾಳೆ.

ಬಟ್ಟಲು ಎತ್ತಿದ. ಅವಳು ಅಲುಗಲಿಲ್ಲ. ಎರೆದ. ಅವಳು ಕೈಮುಗಿದಳು. ಮೂರು ಬಾರಿ ನೆಲಕ್ಕೆ ಹಣೆ ಮುಟ್ಟಿಸಿ ಎದ್ದಾಗ ಡೋಲು ಮೊಳಗಿತು, ಜನ ತಲೆ ಬಾಗಿದರು. ಗಿತೇಕನ ಹೊಟ್ಟೆ ತಣ್ಣಗಾಯಿತು. ಅವಳಿಗೆಲ್ಲಿಯ ಧೈರ್ಯ ಎಂದುಕೊಂಡು ಒಳಗೊಳಗೇ ನಕ್ಕ. ಇನ್ನು ಹನ್ನೆರಡಾಗಲಿ, ಅಳುವುದಕ್ಕೆ ಬೇಕಾದಷ್ಟು ಹೊತ್ತಿದೆ.

ಉಳಿದದ್ದು ಪ್ರಸಾದ. ಮನೆಮನೆಯಿಂದ ಹಿಡಿಯಕ್ಕಿ ತಂದು ಹುಳಿಸಿದ ದೇವರ ಮದ್ಯವನ್ನು ಮೊದಲ ಬಟ್ಟಲಿನವನೇ ಊರವರಿಗೆ ಹಂಚಬೇಕು. ದೊಡ್ಡಪ್ಪ ಪಕ್ಕದಲ್ಲಿ ಕೊಡ ಹಿಡಿದು ನಿಂತ. ಸಾಲು ಹೊಳೆಯ ಸೇತುವೆಯವರೆಗೆ ಬೆಳೆದಿತ್ತು. ಗಿತೇಕ್ ಮುಖ ನೋಡದೆ, ಚಾಚಿದ ಬಟ್ಟಲುಗಳಿಗೆ ಸುರಿಯುತ್ತ ಹೋದ. ಮುಂದೆ ಓಕ್ರಾನ್ ಬಂದಳು. ಮುಡಿಯಲ್ಲಿದ್ದ ಬಿಳಿ ಪಟ್ಟಿ ಈಗ ಇರಲಿಲ್ಲ. ಬಟ್ಟಲು ತುಂಬಿಸಿಕೊಂಡು ಪಕ್ಕಕ್ಕೆ ಸರಿದಳು.

ಅವಳ ಹಿಂದೆ ಊರುಗೋಲು ಟಕ್ಕೆಂದಿತು. ಬಜೆಯ ಘಮ ಮತ್ತೆ ಬಂತು. ಸುಕ್ಕುಗಟ್ಟಿದ ಕೈಯೊಂದು ಬಟ್ಟಲು ಚಾಚಿತು. ದೊಡ್ಡಪ್ಪನಿಗೂ ಸಾಲಿನಲ್ಲಿ ನಿಂತವರಿಗೂ ಚೆನ್ನಾಗಿ ಕೇಳುವ ಹಾಗೆ ಗಿತೇಕನ ತಾಯಿ ಹೇಳಿದಳು:

"ಹನ್ನೆರಡು ಹೊಡೆಯೋವರೆಗೆ ಅಮ್ಮ ಸತ್ತಿಲ್ಲ ಅಂದೆಯಲ್ಲ ಮಗನೇ, ಇನ್ನೂ ಐದು ನಿಮಿಷ ಇದೆ, ನನಗೂ ಒಂದು ಬಟ್ಟಲು ಹಾಕು, ಸತ್ತ ಮೇಲೆ ಹಾಕೋಕೆ ನನ್ನ ಮಗಳಿದ್ದಾಳೆ."