ತಸ್ನೀಮಳ ನೋಟು

ಪ್ರತಿಯೊಬ್ಬರೂ ತಮ್ಮದೇ ಮುಖದ ನೋಟು ಅಚ್ಚು ಹಾಕಿಸುತ್ತಿದ್ದ ಕಾಲ. ಧಾರವಾಡದ ಹಾಸ್ಟೆಲ್ ಮೆಸ್ಸಿನಲ್ಲಿ ನಾಗವೇಣಿಯ ನೋಟಿಗೆ ಎರಡು ರೊಟ್ಟಿ ಬಂದರೆ, ಗೆಳತಿ ತಸ್ನೀಮಳ ನೋಟಿಗೆ ಆರು. ಇಬ್ಬರದೂ ಅರ್ಥಶಾಸ್ತ್ರದ ಸಂಶೋಧನೆಯೇ. ನಾಗವೇಣಿಗೆ ಅದನ್ನು ಸಹಿಸಲಾಗಲಿಲ್ಲ. ತಸ್ನೀಮಳ ಸಾಲ ಮಿತಿ ಮೀರಿದೆ, ಅವಳ ನೋಟು ಕುಸಿಯಲಿದೆ ಎಂದು ವಿಚಾರ ಸಂಕಿರಣದಲ್ಲಿ ಪ್ರಬಂಧವನ್ನೇ ಓದಿಬಿಟ್ಟಳು. ಕೇಳಿದವರೆಲ್ಲ ಆ ನೋಟು ಮಾರಿದರು, ಅದು ಕುಸಿದೇಬಿಟ್ಟಿತು.

ಮರುದಿನ ಮೆಸ್ಸಿನ ಗಂಗವ್ವ ನಾಗವೇಣಿಯ ನೋಟನ್ನೂ ಹಿಂದಕ್ಕೆ ತಳ್ಳಿದಳು. "ಇದೂ ನಡೆಯಂಗಿಲ್ಲವ್ವಾ."

ಸಾಲಿನಲ್ಲಿ ಹಿಂದೆ ನಿಂತಿದ್ದ ತಸ್ನೀಮ್ ನಕ್ಕಳು. "ಸಾಲಾ ಮಾಡಿ ದಿನಾ ನಿನ್ನ ನೋಟು ಕೊಳ್ಳಾಕಿ ನಾನ ಇದ್ದೆ, ಹುಚ್ಚಿ. ಇನ್ನ ಯಾರು ಕೊಳ್ತಾರ?"

ನಾಗವೇಣಿ ಖಾಲಿ ತಟ್ಟೆ ಹಿಡಿದು ನಿಂತಳು. ಅಷ್ಟು ಸಾಲ ಇವಳಿಗೇ ಹೇಗೆ ಹುಟ್ಟಿತು, ತನಗೇಕೆ ಯಾರೂ ಕೊಡಲಿಲ್ಲ ಎಂದು ಅವಳ ಹೊಟ್ಟೆ ಉರಿಯಿತು.