ಬಾಣಂತಿಗೆ ತಾಟೆ

ಹೆಂಡತಿಗೆ ಎದೆಹಾಲು ಇಳಿದಿರಲಿಲ್ಲ. ತಾಟೆ ಮೀನಿನ ಸಾರು ಕೊಟ್ಟರೆ ಇಳಿಯುತ್ತದೆ ಎಂದು ಊರವರು ಹೇಳಿದ ಮೇಲೆ, ತೆಂಗಿನಮರ ಹತ್ತುವ ಶೀನ ದಿನಾ ಬೆಳಿಗ್ಗೆ ಮೀನು ಮಾರುವ ಕುಸುಮಕ್ಕನ ಬುಟ್ಟಿಯ ಮುಂದೆ ನಿಲ್ಲುತ್ತಿದ್ದ. ಮೊಳದುದ್ದದ ಆ ಶಾರ್ಕು ಈಗ ಬಲೆಗೆ ಬೀಳುವುದೇ ಕಡಿಮೆ. ಸಿಕ್ಕಿದ ದಿನ ಅವಳು ಇವನಿಗೆಂದೇ ಗೋಣಿಯಡಿ ಎತ್ತಿಡುತ್ತಿದ್ದಳು.

"ಎರಡು ದಿನ ಎಲ್ಲಿ ಹೋದೆ ಮಾರಾಯ? ಹೋಟೆಲಿನವ ಕೇಳಿದರೂ ಕೊಡಲಿಲ್ಲ ನಾನು. ಇದು ಮೊಟ್ಟೆ ಇಡುವ ಮೀನಲ್ಲ, ನಮ್ಮ ಹಾಗೆ ಹೆರುವ ಜಾತಿ. ಅದಕ್ಕೇ ಬಾಣಂತಿಗೆ ಆಗುವುದು."

ಶೀನ ಕೈ ಚಾಚಲಿಲ್ಲ.

"ಹಾಲು ಬಂತಾ ಇಲ್ಲವಾ, ಅದನ್ನಾದರೂ ಹೇಳು."

"ಬಂತು. ರವಕೆಯೆಲ್ಲ ಒದ್ದೆಯಾಗುವಷ್ಟು."

"ಕೇಳಿದೆಯಾ!" ಕುಸುಮಕ್ಕ ಪಕ್ಕದ ಬುಟ್ಟಿಯವಳಿಗೆ ಕೂಗಿದಳು. "ನನ್ನ ಮೀನು ಅದು! ತೊಟ್ಟಿಲಿಗೆ ಹಾಕುವ ದಿನ ನನಗೊಂದು ಸೀರೆ ತರಬೇಕು ಮತ್ತೆ."

"ಅಪ್ಪನ ಕಣ್ಣು ನೋಡು," ಪಕ್ಕದವಳು ನಕ್ಕಳು. "ಮಗು ನಿದ್ದೆ ಮಾಡಲು ಬಿಡುವುದಿಲ್ಲ ಕಾಣುತ್ತದೆ."

ಶೀನ ಉಗುರಿನ ಸಂದಿಯಲ್ಲಿ ಉಳಿದಿದ್ದ ಗುಂಡಿಯ ಮಣ್ಣನ್ನು ಕೆರೆಯುತ್ತ ಮೀನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ:

"ಹಾಲು ನಿಲ್ಲಿಸುವ ಮೀನು ಯಾವುದಾದರೂ ಉಂಟಾ ಕುಸುಮಕ್ಕ?"